ಮರಳಿ ಬರುವ ಹಣದ ಹಿಂದಿನ ಕಸುಬು

ಹೊನ್ನಾವರದಿಂದ ಮುಂಬೈಗೆ ಹೋಗುವವರು ಮತ್ಸ್ಯಗಂಧಾ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿಸುವುದು ಈಗ ಫೋನಿನಲ್ಲೇ. ಆ ಒಂದು ಟಿಕೆಟ್‌ಗಾಗಿ ಐಆರ್‌ಸಿಟಿಸಿ, ಯುಪಿಐ, ಬ್ಯಾಂಕು, ರೈಲ್ವೆಯ ಸೀಟು ಲೆಕ್ಕದ ಕಂಪ್ಯೂಟರು ಎಲ್ಲವೂ ಕೈಜೋಡಿಸಬೇಕು. ನಡುವೆ ಒಂದು ಕೈಕೊಟ್ಟರೂ ಖಾತೆಯಿಂದ ಹಣ ಹೋಗಿರುತ್ತದೆ, ಟಿಕೆಟ್ ಬಂದಿರುವುದಿಲ್ಲ.

ಆ ಹಣ ತಾನಾಗಿ ಮರಳುತ್ತದಲ್ಲ, ಮೆಚ್ಚಬೇಕಾದ ಕುಶಲತೆ ಅಲ್ಲಿದೆ.

1987ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಹೆಕ್ಟರ್ ಗಾರ್ಸಿಯಾ-ಮೊಲಿನಾ ಮತ್ತು ಕೆನೆತ್ ಸೇಲಂ ‘ಸಾಗಾಸ್’ ಎಂಬ ಪ್ರಬಂಧದಲ್ಲಿ ಒಂದು ಸರಳ ಉಪಾಯ ಕೊಟ್ಟರು. ದೀರ್ಘ ವ್ಯವಹಾರವನ್ನು ಚಿಕ್ಕ ಹೆಜ್ಜೆಗಳಾಗಿ ಒಡೆಯುವುದು. ಪ್ರತಿ ಹೆಜ್ಜೆಗೂ ಅದರ ಪರಿಣಾಮವನ್ನು ಸರಿದೂಗಿಸುವ ಇನ್ನೊಂದನ್ನು ಮೊದಲೇ ಬರೆದಿಡುವುದು. ಪಾವತಿಗೆ ಮರುಪಾವತಿ, ಕಾದಿರಿಸಿದ ಸೀಟಿಗೆ ರದ್ದತಿ. ಎಡವಿದ ಕಡೆಯಿಂದ ಹಿಂದಕ್ಕೆ, ಕೊನೆಯ ಗಂಟನ್ನು ಮೊದಲು ಬಿಚ್ಚುತ್ತ ಬರಬೇಕು. ಎಷ್ಟು ಚೆಂದದ ಮುಂದಾಲೋಚನೆ! ಸೋಲನ್ನು ಅಪವಾದವೆಂದು ನೋಡದೆ, ಕೆಲಸದ ಭಾಗವೆಂದೇ ಒಪ್ಪಿಕೊಂಡ ಬುದ್ಧಿ ಇದು.

2004ರಲ್ಲಿ ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಗೆ ಸಲ್ಲಿಕೆಯಾದ ಔಲ್-ಎಸ್ ಇನ್ನೂ ಮುಂದೆ ಹೋಯಿತು. ಒಂದು ಸೇವೆ ಏನು ಪಡೆದು ಏನು ಕೊಡುತ್ತದೆ, ಅದಕ್ಕಿರುವ ಷರತ್ತೇನು, ಅದರಿಂದಾಗುವ ಪರಿಣಾಮವೇನು ಎಂಬುದನ್ನು ಯಂತ್ರ ಓದುವಂತೆ ವಿವರಿಸುವ ವಿಧಾನ ಅದು. ಹೀಗೆ ವಿವರಿಸಿಟ್ಟರೆ, ಸೇವೆಯೊಂದು ನಿಂತುಹೋದಾಗ ಅದೇ ಫಲ ಕೊಡುವ ಮತ್ತೊಂದನ್ನು ತಂತ್ರಾಂಶವೇ ಹುಡುಕಬಲ್ಲದು: ಭಟ್ಕಳಕ್ಕೆ ರೈಲಿನ ಸೀಟು ಸಿಗದಿದ್ದರೆ ರಾತ್ರಿ ಬಸ್ಸು.

ಕುಮಟಾದ ಪ್ರಯಾಣಿಕರಿಗೆ ಸದ್ಯ ಕೈಗೆಟಕುವುದು ಮೊದಲನೆಯ ಉಪಾಯ, ಅಂದರೆ ಮರುಪಾವತಿ. ಅದಕ್ಕೆ ಗಡುವೂ ಇದೆ. 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯಂತೆ, ಯುಪಿಐನಲ್ಲಿ ಹಣ ಕಡಿತವಾಗಿಯೂ ಮಾರಾಟಗಾರರಿಗೆ ಖಾತರಿ ತಲುಪದಿದ್ದರೆ ವಹಿವಾಟಿನ ನಂತರದ 5 ದಿನಗಳೊಳಗೆ ಅದು ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.