ಬರುವುದಿಲ್ಲ ಎಂದು ಬರೆಯುವ ಬಗೆ

ಪಾರ್ಟಿಗೆ ಬರುತ್ತೇನೆ ಎಂದು ಉತ್ತರ ಬರೆಯಲು ಯಾವ ಪ್ರತಿಭೆಯೂ ಬೇಡ. ಪತ್ರ ಬರೆಯುವವರ ಕೈ ಗೊತ್ತಾಗುವುದು ಬರುವುದಿಲ್ಲ ಎನ್ನುವಾಗ, ಅದರಲ್ಲೂ ಆಪ್ತ ಗೆಳೆಯನಿಗೆ. ನಮ್ಮಲ್ಲಿ ಈ ಕಲೆ ಸೊರಗಿರುವುದು ನಾವು ಇಲ್ಲ ಎನ್ನುವುದೇ ಇಲ್ಲವಾದ್ದರಿಂದ. ‘ಪ್ರಯತ್ನ ಮಾಡ್ತೀನಿ’, ‘ಬರದೇ ಇರ್ತೀವಾ’ ಎಂದು ಹೇಳಿ, ಆ ದಿನ ಫೋನನ್ನು ಸೈಲೆಂಟಿಗೆ ಹಾಕಿ ಕೂರುತ್ತೇವೆ. ಅಡುಗೆಯವರು ‘ಎಷ್ಟು ಎಲೆ?’ ಎಂದು ಕೇಳಿದಾಗ ಕರೆದ ಪಾಪದ ಮನುಷ್ಯ ನಮ್ಮನ್ನೂ ಸೇರಿಸಿ ಲೆಕ್ಕ ಕೊಟ್ಟಿರುತ್ತಾನೆ.

ಅಮೆರಿಕದ ಎಮಿಲಿ ಪೋಸ್ಟ್ 1922ರ ತಮ್ಮ ‘ಎಟಿಕೆಟ್’ ಪುಸ್ತಕದಲ್ಲಿ ನಿರಾಕರಣೆಗೂ ನಮೂನೆ ಕೊಟ್ಟಿದ್ದಾರೆ: ಇಂಥ ದಂಪತಿ ಬರಲಾಗದ್ದಕ್ಕೆ ವಿಷಾದಿಸುತ್ತಾರೆ ಎಂಬ ಧಾಟಿ, ತಮ್ಮ ಬಗ್ಗೆ ತಾವೇ ಬೇರೆಯವರಂತೆ ಬರೆದುಕೊಳ್ಳುವುದು. ವಿಮರ್ಶಕ ಎಡ್ಮಂಡ್ ವಿಲ್ಸನ್ ಇನ್ನೂ ಗಟ್ಟಿಗ. ಹಸ್ತಪ್ರತಿ ಓದುವುದು, ಸ್ಪರ್ಧೆಗೆ ತೀರ್ಪುಗಾರನಾಗುವುದು, ಸಂದರ್ಶನ ಕೊಡುವುದು ಎಂದು ತಾನು ಒಪ್ಪದ ಕೆಲಸಗಳ ಪಟ್ಟಿಯನ್ನೇ ಕಾರ್ಡಿನಲ್ಲಿ ಅಚ್ಚು ಹಾಕಿಸಿಟ್ಟಿದ್ದ. ಅಪರಿಚಿತರ ಕಾಟಕ್ಕೆ ಭೇಷಾದ ಉಪಾಯ. ಗೆಳೆಯನಿಗೆ ಕಳಿಸಿದರೆ ಅವನು ಮತ್ತೆ ಕರೆಯಲಾರ.

ಗೆಳೆಯನಿಗೆ ಬರೆಯಲು ನನ್ನ ಆಯ್ಕೆ ಇನ್‌ಲ್ಯಾಂಡ್ ಲೆಟರ್. ಪೋಸ್ಟ್ ಕಾರ್ಡು ಅಗ್ಗ, ನಿಜ; ಆದರೆ ಅಂಚೆಯವನಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರೂ ಓದುತ್ತಾರೆ. ಲಕೋಟೆಯಲ್ಲಿ ಎಷ್ಟು ಹಾಳೆ ಬೇಕಾದರೂ ತುರುಕಬಹುದು, ಕೆಡುವುದೇ ಅಲ್ಲಿ. ಇನ್‌ಲ್ಯಾಂಡಿನ ಮಡಿಕೆಗಳು ಮುಗಿದಲ್ಲಿಗೆ ಮಾತೂ ಮುಗಿಯಬೇಕು. ಒಳಗೆ ಏನನ್ನೂ ಇಡುವಂತಿಲ್ಲವಾದ್ದರಿಂದ ಮುಯ್ಯಿಯ ನೋಟಿಟ್ಟು ತಪ್ಪಿಸಿಕೊಳ್ಳುವ ದಾರಿಯೂ ಬಂದ್.

ಇನ್ನು ಕಾರಣ. ಒಂದು ಸಾಲು ಸಾಕು. ‘ತಲೆನೋವು, ಮೇಲಾಗಿ ಮಗನ ಪರೀಕ್ಷೆ, ಜೊತೆಗೆ ಕಾರು ರಿಪೇರಿ’ ಎಂದರೆ ಮೂರನ್ನೂ ಯಾರೂ ನಂಬುವುದಿಲ್ಲ. ಸೂತಕವೊಂದನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ. ಎಂಥ ಸುಳ್ಳುಗಾರನೂ ಅದನ್ನು ಸುಳ್ಳು ಹೇಳಲು ಹೆದರುತ್ತಾನೆ. ಕಾರಣದಲ್ಲಿ ಉಳಿಸಿದ ಜಾಗವನ್ನೆಲ್ಲ ಗೆಳೆಯನಿಗೆ ಕೊಡಬೇಕು. ‘ಉಭಯಕುಶಲೋಪರಿ ಸಾಂಪ್ರತ’ ಎಂದು ಶುರು ಮಾಡುತ್ತಿದ್ದ ಹಳೆಯವರು ಕ್ಷೇಮ ವಿಚಾರಿಸಿದ ಮೇಲೆಯೇ ವಿಷಯಕ್ಕೆ ಬರುತ್ತಿದ್ದರು. ಇಲ್ಲಿ ಮಾತ್ರ ಆ ಕ್ರಮ ನನಗೆ ಒಪ್ಪಿಗೆಯಿಲ್ಲ. ಬರುವುದಿಲ್ಲ ಎಂಬುದು ಮೊದಲ ಸಾಲಿನಲ್ಲೇ ಇರಲಿ. ಕೊನೆಯವರೆಗೂ ಆಸೆ ಹುಟ್ಟಿಸಿ ಕೈಕೊಡುವುದು ಕ್ರೌರ್ಯ. ಹೀಗೆ:

‘ನಿನ್ನ ಐವತ್ತರ ಪಾರ್ಟಿಗೆ ನಾನು ಬರುತ್ತಿಲ್ಲ ಕಣೋ. ಮೈಕು, ನೂರು ಜನರ ಗದ್ದಲ ನನಗಾಗದು, ನಿನಗೆ ಗೊತ್ತೇ ಇದೆ. ಹಾಸ್ಟೆಲ್ಲಿನಲ್ಲಿ ಒಂದೇ ಶರ್ಟನ್ನು ಇಬ್ಬರೂ ಇಸ್ತ್ರಿ ಮಾಡಿಕೊಂಡು ಇಂಟರ್‌ವ್ಯೂಗೆ ಹೋಗಿದ್ದೆವಲ್ಲ, ಕೆಲಸ ಸಿಕ್ಕಿದ್ದು ನಿನಗೆ. ಆ ಶರ್ಟು ನನ್ನದು ಎಂದು ಅಲ್ಲಿ ಯಾರಾದರೂ ಹೇಳಬೇಕು, ನೀನೇ ಹೇಳು. ಮುಂದಿನ ಗುರುವಾರ ಸಂಜೆ ಮನೆಗೆ ಬರುತ್ತೇನೆ. ಹೋಳಿಗೆ ಉಳಿದರೆ ತೆಗೆದಿಡಲು ಅತ್ತಿಗೆಗೆ ಹೇಳಿರು.’

ದಿನ, ಹೊತ್ತು ಎರಡನ್ನೂ ಹೇಳಿರುವುದನ್ನು ಗಮನಿಸಿ. ‘ಯಾವಾಗಲಾದರೂ ಸಿಗೋಣ’ ಎಂದು ಬರೆದರೆ ಅದು ಎರಡನೆಯ ನಿರಾಕರಣೆ. ಎಲೆ ಲೆಕ್ಕ ಕೊಡುವುದಕ್ಕೆ ವಾರ ಮೊದಲೇ ಪತ್ರ ತಲುಪುವಂತೆ ಡಬ್ಬಿಗೆ ಹಾಕಿ. ತಲುಪಿದ ಸಂಜೆ ಅವನು ಫೋನ್ ಮಾಡಿ ಬೈಯುವುದು ಖಂಡಿತ. ‘ಸುಮ್ನೆ ಬಾರೋ, ಬಂದು ಊಟ ಮಾಡ್ಕೊಂಡು ಹೋಗು’ ಎನ್ನುತ್ತಾನೆ. ಆಗ ಕರಗಿ ‘ಸರಿ, ನೋಡೋಣ’ ಎಂದಿರೋ, ಅವನು ಅಡುಗೆಯವರಿಗೆ ಮತ್ತೆ ಒಂದು ಎಲೆ ಜಾಸ್ತಿ ಹೇಳುತ್ತಾನೆ.