ನೈಲ್ ಮೇಲೆ ತೇಲಿದ ಪುಸ್ತಕಗಳು

ಪುಸ್ತಕದ ಹುಚ್ಚು ಹಲವರಿಗಿರುತ್ತದೆ. ಕಪಾಟನ್ನೇ ದೋಣಿಗೇರಿಸಿ ನದಿಯ ಮೇಲೆ ಸಂಸಾರ ಹೂಡಿದವನು ಚಾರ್ಲ್ಸ್ ಎಡ್ವಿನ್ ವಿಲ್ಬರ್. 1862ರಲ್ಲಿ ಹ್ಯೂಗೋನ 'ಲೆ ಮಿಸರಾಬ್ಲ್' ಕಾದಂಬರಿಯನ್ನು ಇಂಗ್ಲಿಷಿಗೆ ತಂದ ಈ ಅಮೆರಿಕನ್ ಪತ್ರಕರ್ತ, ನಡುವಯಸ್ಸಿನಲ್ಲಿ ಪ್ಯಾರಿಸ್ ಸೇರಿ ಈಜಿಪ್ಟ್ ಅಧ್ಯಯನದ ವಿದ್ವಾಂಸ ಮಾಸ್ಪೆರೋ ಬಳಿ ಈಜಿಪ್ಟಿನ ಚಿತ್ರಲಿಪಿ ಕಲಿತ. ಆಮೇಲೆ ಚಳಿಗಾಲವೆಲ್ಲ ನೈಲ್ ನದಿಯಲ್ಲೇ. 'ಸೆವೆನ್ ಹಾಥರ್ಸ್' ಎಂಬ ಹಾಯಿದೋಣಿಯ ತುಂಬ ಪುಸ್ತಕ. ಗುಡಿಯ ಗೋಡೆಬರಹದೆದುರು ಅಚ್ಚಾದ ಪಾಠವನ್ನು ಹಿಡಿದು, ತಾಳೆ ನೋಡಿ, ತಪ್ಪು ತಿದ್ದುತ್ತಿದ್ದ. ತನ್ನದೆಂದು ಪ್ರಕಟಿಸಿದ್ದು ಇಲ್ಲವೆನ್ನುವಷ್ಟು ಕಡಿಮೆ. ನನಗೆ ಅವನು ಹಿಡಿಸುವುದೇ ಅದಕ್ಕೆ: ಬರೆದು ಮೆರೆಯುವ ಗೋಜಿಲ್ಲದ ಅಪ್ಪಟ ಓದುಗ.

1893ರಲ್ಲಿ ಅವನು ಅಸ್ವಾನಿನಲ್ಲಿ ಅರಾಮಿಕ್ ಪಪೈರಸ್ ಸುರುಳಿಗಳನ್ನು ಕೊಂಡ. ಮೂರೇ ವರ್ಷದಲ್ಲಿ ತೀರಿಕೊಂಡ. ಸುರುಳಿಗಳು ಅರ್ಧ ಶತಮಾನ ಪೆಟ್ಟಿಗೆಯಲ್ಲೇ ಇದ್ದವು. ಮಗಳ ಉಯಿಲಿನ ಮೂಲಕ 1947ರಲ್ಲಿ ಬ್ರೂಕ್ಲಿನ್ ಮ್ಯೂಸಿಯಂ ಸೇರಿ, 1953ರಲ್ಲಿ ಅಚ್ಚಾದವು. ಒಳಗಿದ್ದದ್ದು ರಾಜರ ಕಥೆಯಲ್ಲ: ಕ್ರಿ.ಪೂ. ಐದನೇ ಶತಮಾನದಲ್ಲಿ ಯೆಹೂದಿ ದೇಗುಲದ ಪರಿಚಾರಕ ಅನನಿಯಾ ಈಜಿಪ್ಟಿನ ದಾಸಿ ತಾಮುತಳನ್ನು ಮದುವೆಯಾದ ಕರಾರು, ಮನೆ ಕೊಂಡ ಪತ್ರ.

ವಿಲ್ಬರನ ಪುಸ್ತಕಗಳನ್ನು 1916ರಲ್ಲೇ ಮಕ್ಕಳು ಆ ಮ್ಯೂಸಿಯಮ್ಮಿಗೆ ಕೊಟ್ಟಿದ್ದರು. ಅಲ್ಲಿನ ಈಜಿಪ್ಟ್ ಅಧ್ಯಯನದ ಗ್ರಂಥಾಲಯಕ್ಕೆ ಈಗಲೂ ಅವನದೇ ಹೆಸರು.