ಗೊತ್ತಿದ್ದೂ ನಿಲ್ಲಿಸದವನು

(ಕಥೆಯ ಗುಟ್ಟೆಲ್ಲ ಇಲ್ಲಿ ಬಯಲಾಗುತ್ತದೆ. ಆಡಬೇಕೆಂದಿರುವವರು ಆಡಿ ಮುಗಿಸಿ ಓದಿ.)

ವಿಲೆ ಪಾರ್ಲೆಯಲ್ಲಿ ಮನೆ ಮಾಡಿದ ಹೊಸತರಲ್ಲಿ ಸ್ಟೇಷನ್ನಿನಿಂದ ಹೊರಗೆ ಬಂದರೆ ಬಿಸ್ಕತ್ತು ಬೇಯುವ ವಾಸನೆ ಮೂಗಿಗೆ ಬಡಿಯುತ್ತಿತ್ತು. 1929ರಲ್ಲಿ ಶುರುವಾಗಿದ್ದ ಪಾರ್ಲೆ ಕಾರ್ಖಾನೆ 2016ರಲ್ಲಿ ನಿಂತಿತು, ವಾಸನೆಯೂ ಹೋಯಿತು. ಆಮೇಲೆ ಬಂದವರ ಹತ್ತಿರ ಇದನ್ನು ಹೇಳುವಾಗೆಲ್ಲ ನನ್ನ ದನಿಯಲ್ಲಿ ಒಂದು ಸಣ್ಣ ಜಂಬ ಇರುತ್ತದೆ: ನಿಜವಾದ ಪಾರ್ಲೆಯನ್ನು ಕಂಡವನು ನಾನು, ನೀವಲ್ಲ. ಈ ಜಂಬ ಬೆಳೆದು ದೊಡ್ಡದಾದರೆ ಏನಾಗುತ್ತದೆ ಎಂಬುದನ್ನು ನನಗೆ ತೋರಿಸಿಕೊಟ್ಟದ್ದು ಒಂದು ವಿಡಿಯೊ ಗೇಮ್‌ನ ಖಳನಾಯಕ.

ಕೆನಡಾದ ಬಯೋವೇರ್ ಕಂಪನಿಯ 'ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್' 2014ರಲ್ಲಿ ಬಂತು. ಅದರಲ್ಲಿ ಸೋಲಸ್ ಎಂಬ ಎಲ್ಫ್ ಮಾಂತ್ರಿಕ ನಮ್ಮ ಜೊತೆಗಾರ. ಚಹಾ ಎಂದರೆ ಅವನಿಗಾಗದು. ಹಾಳುಬಿದ್ದ ಊರುಗಳ ಹಳೆಯ ನೆನಪುಗಳೆಂದರೆ ಪ್ರಾಣ. ಕುತೂಹಲದಿಂದ ಕೇಳಿದರೆ ಗಂಟೆಗಟ್ಟಲೆ ಹೇಳುತ್ತಾನೆ. ನಾವು ಮಾಡಿದ ಕೆಲಸಗಳನ್ನು ಕೋಟೆಯ ಗೋಡೆಯ ಮೇಲೆ ಚಿತ್ರವಾಗಿ ಬರೆಯುತ್ತಾನೆ. ಆಟ ಮುಗಿದ ಮೇಲೆ ತಿಳಿಯುತ್ತದೆ, ಅವನು ಎಲ್ಫ್‌ಗಳ ಪುರಾಣದ 'ಭೀಕರ ತೋಳ' ಎಂದು. ಕ್ರೂರ ದೇವತೆಗಳನ್ನು ಬಂಧಿಸಲು ಹಿಂದೆ ಅವನೇ ಲೋಕಕ್ಕೆ ಒಂದು ಮಾಯೆಯ ಪರದೆ ಎಳೆದಿದ್ದ. ಅದರಿಂದ ಅವನ ಜನ ಚಿರಾಯುಸ್ಸನ್ನೇ ಕಳೆದುಕೊಂಡರು. ಈಗ ಪರದೆ ಹರಿದು ಹಳೆಯ ಲೋಕವನ್ನು ಮರಳಿ ತರಬೇಕು. ಅದಕ್ಕಾಗಿ ಈಗಿನ ಲೋಕ ಹಾಳಾದರೂ ಸರಿ. 2015ರಲ್ಲಿ ಬಂದ ಮುಂದಿನ ಭಾಗ 'ಟ್ರೆಸ್‌ಪಾಸರ್'ನ ಕೊನೆಯಲ್ಲಿ ನಮ್ಮನ್ನು ಕೊಲ್ಲುತ್ತಿದ್ದ ಮಾಯೆಯ ಗುರುತನ್ನು ತೆಗೆದು ಜೀವ ಉಳಿಸುತ್ತಾನೆ. ನಿಮ್ಮ ಲೋಕವನ್ನು ಮುಗಿಸುತ್ತೇನೆ ಎಂದೂ ಹೇಳಿ ಹೊರಟುಹೋಗುತ್ತಾನೆ.

ನಿದ್ದೆಯಿಂದ ಎದ್ದಾಗ ಈಗಿನ ಜನ ಅವನಿಗೆ ನಿಜವಾದವರೆಂದೇ ಅನ್ನಿಸಿರಲಿಲ್ಲ. ನಮ್ಮ ಜೊತೆ ಓಡಾಡಿದ ಮೇಲೆ ಅನ್ನಿಸಿತು. ಇಲ್ಲಿ ನನಗೆ ಕುಮಟಾ ನೆನಪಾಯಿತು. ಹೆದ್ದಾರಿ 66 ಅಗಲವಾದ ಮೇಲೆ ಊರಿಗೆ ಹೋದಾಗಲೆಲ್ಲ 'ಇದು ನಮ್ಮೂರೇ ಅಲ್ಲ' ಎಂದು ಗೊಣಗುತ್ತಿದ್ದೆ. ಒಮ್ಮೆ ಚಿಕ್ಕಪ್ಪನ ಮಗ ತಡೆಯಲಾರದೆ ಕೇಳಿಬಿಟ್ಟ: "ಹಂಗಾರೆ ಇಲ್ಲಿರೋ ನಾವು ಯಾರು ಅಣ್ಣಾ?" ಸೋಲಸ್‌ನ ನೋವು ಸುಳ್ಳಲ್ಲ. ಆದರೆ ಆ ನೋವು ಎದುರಿಗಿರುವವರನ್ನು ನೆರಳಾಗಿಸುತ್ತದೆ. ಊರು ಬಿಟ್ಟ ನಮ್ಮಂಥವರಿಗೆ ಅವನ ಮೇಲೆ ಮರುಕ ಹುಟ್ಟುವುದು ಈ ಕಾರಣಕ್ಕೇ, ಅವನನ್ನು ಕಂಡು ಹೆದರಬೇಕಾದದ್ದೂ ಇದಕ್ಕೇ.

ನಮ್ಮ ಕಿವಿಗೆ 'ಸೋಲು' ಎಂದು ಕೇಳಿಸುವ ಆ ಹೆಸರಿಗೆ ಎಲ್ಫ್ ಭಾಷೆಯಲ್ಲಿ 'ಅಭಿಮಾನ' ಎಂದು ಅರ್ಥ. ಕನ್ನಡ ಓದಿದವರಿಗೆ ಇವನ ಅಣ್ಣನೊಬ್ಬ ಗೊತ್ತು. ನಾಗಚಂದ್ರನ 'ರಾಮಚಂದ್ರಚರಿತ ಪುರಾಣ'ದ ರಾವಣ. ಸೀತೆಯ ಸಂಕಟ ಕಣ್ಣಾರೆ ಕಂಡು ಅವನ ಮನಸ್ಸು ತಿರುಗುತ್ತದೆ. ವಿಭೀಷಣನನ್ನು ಹೊರಗಟ್ಟಿದ್ದಕ್ಕೆ ಪಶ್ಚಾತ್ತಾಪ ಪಡುತ್ತಾನೆ. ಸೀತೆಯನ್ನು ಒಪ್ಪಿಸಿಬಿಡಬೇಕು ಎಂದು ನಿರ್ಧರಿಸುತ್ತಾನೆ. ಆದರೆ ಈಗಲೇ ಅಲ್ಲ, ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದು ಆಮೇಲೆ. ಈಗ ಕೊಟ್ಟರೆ ಹೆದರಿ ಕೊಟ್ಟ ಎನ್ನುತ್ತಾರಲ್ಲ! ಬಿ.ಎಂ.ಶ್ರೀ. ಈ ರಾವಣನಲ್ಲಿ ದುರಂತ ನಾಯಕನನ್ನು ಕಂಡರು. ತಿಳಿವಳಿಕೆ ಬರುತ್ತದೆ, ಅಭಿಮಾನ ಹೋಗುವುದಿಲ್ಲ. ಇವನನ್ನು ಒಂದು ಬಾರಿ ಓದಿದ್ದರೆ ಸೋಲಸ್ ಏಕೆ ನಿಲ್ಲುವುದಿಲ್ಲ ಎಂಬುದು ಬೇಗ ಅರ್ಥವಾಗುತ್ತದೆ.

ಕಥೆ ಮುಗಿಯುವುದು 2024ರ 'ದ ವೇಲ್‌ಗಾರ್ಡ್'ನಲ್ಲಿ. ಒಂಬತ್ತು ವರ್ಷ ಕಾದವನಾಗಿ ನನ್ನ ದೂರು ಇಷ್ಟು: ಸೋಲಸ್‌ನ ಪಕ್ಕದಲ್ಲಿ ಬರೀ ಕೆಡುಕೇ ಆದ ಇಬ್ಬರು ದೇವತೆಗಳನ್ನು ನಿಲ್ಲಿಸಿದ್ದಾರೆ. ಅವರ ಮುಂದೆ ಯಾರಾದರೂ ಒಳ್ಳೆಯವರಾಗಿಯೇ ಕಾಣುತ್ತಾರೆ. ಮೊದಲ ಆಟ ನೂರು ಸಣ್ಣ ಮಾತುಗಳಿಂದ ಗಳಿಸಿದ್ದ ಮರುಕ ಇಲ್ಲಿ ಅಗ್ಗವಾಗುತ್ತದೆ. ಅದನ್ನು ಸರಿದೂಗಿಸುವುದು ವ್ಯಾರಿಕ್‌ನ ಸಾವು. ತಡೆಯಲು ಬಂದ ಹಳೆಯ ಗೆಳೆಯನನ್ನು ಸೋಲಸ್ ಆರಂಭದಲ್ಲೇ ಕೊಂದು, ಆ ಸಂಗತಿಯನ್ನು ನಮ್ಮಿಂದ ಕೊನೆಯವರೆಗೂ ಮರೆಮಾಚಿರುತ್ತಾನೆ. ಅದು ತಿಳಿದ ಮೇಲೆ ಹಿಂದಿನ ಮಾತುಗಳೆಲ್ಲ ಬೇರೆಯಾಗಿ ಕೇಳಿಸುತ್ತವೆ.

ಈಗ ನಿಲ್ಲಿಸಿದರೆ ಇಲ್ಲಿಯವರೆಗೆ ಸತ್ತವರೆಲ್ಲ ವ್ಯರ್ಥವಾಗಿ ಸತ್ತಂತೆ — ಸೋಲಸ್‌ನ ಕೊನೆಯ ತರ್ಕ ಇದು. ಈ ತರ್ಕ ನನ್ನ ಬಾಯಿಂದಲೇ ಬಂದದ್ದುಂಟು. ಎರಡು ವರ್ಷ ನಡೆಸಿದ ಒಂದು ಪ್ರಾಜೆಕ್ಟ್ ಕೈಗೂಡುವುದಿಲ್ಲ ಎಂದು ನನಗೆ ಎಂಟನೇ ತಿಂಗಳಲ್ಲೇ ಗೊತ್ತಾಗಿತ್ತು. ಹುಡುಗರು ಭಾನುವಾರಗಳನ್ನು ಬಿಟ್ಟಿದ್ದರು. ಒಬ್ಬ ತಂಗಿಯ ಮದುವೆಗೆ ಮುಹೂರ್ತದ ಹೊತ್ತಿಗಷ್ಟೇ ಹೋಗಿಬಂದಿದ್ದ. ಅವರ ಶ್ರಮ ದಂಡವಾಗಬಾರದು ಎನ್ನುತ್ತಲೇ ಇನ್ನೂ ಹದಿನಾರು ತಿಂಗಳು ಅವರನ್ನು ದುಡಿಸಿದೆ. ಉಳಿಸಿಕೊಳ್ಳಬೇಕಾಗಿದ್ದದ್ದು ನನ್ನ ಮುಖ, ಅವರ ಶ್ರಮವಲ್ಲ.

ಆಟದ ಕೊನೆಯಲ್ಲಿ ಸೋಲಸ್‌ನೊಂದಿಗೆ ಹೊಡೆದಾಡಬಹುದು, ಮೋಸದಿಂದ ಕಟ್ಟಿಹಾಕಬಹುದು, ಇಲ್ಲವೇ ಮನವೊಲಿಸಬಹುದು. ನಾನು ಮೂರನೆಯದನ್ನು ಆರಿಸಿದೆ. ಒಂದು ಕಾಲಕ್ಕೆ ಅವನು ಸೇವೆ ಮಾಡಿದ್ದ ದೇವತೆ ಮಿಥಾಲ್ ಬಂದು, ತಪ್ಪಿನಲ್ಲಿ ತನಗೂ ಪಾಲಿದೆ, ನಿನ್ನನ್ನು ಬಿಡುಗಡೆ ಮಾಡಿದ್ದೇನೆ ಎನ್ನುತ್ತಾಳೆ. ಅವನು ಕತ್ತಿ ಇಳಿಸಿ, ತಾನು ಹರಿಯಹೊರಟಿದ್ದ ಪರದೆಗೇ ತನ್ನ ಜೀವ ಕಟ್ಟಿ ಅದನ್ನು ಕಾಯಲು ಹೋಗುತ್ತಾನೆ. ನಾಗಚಂದ್ರನ ರಾವಣನಿಗೆ ಹೀಗೆ ಹೇಳುವವರು ಯಾರೂ ಸಿಗಲಿಲ್ಲ. ನನ್ನ ಕಣ್ಣು ಒದ್ದೆಯಾಗಿತ್ತು.

ಈ ವರ್ಷ ಕಾಲೇಜು ಸೇರಿದ ಮಗಳು ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಅವಳು ಆಡಿದಾಗ ಆರಿಸಿದ್ದು ಹೊಡೆದಾಟವನ್ನು. "ಕ್ಷಮಿಸಿದ್ದು ಅವನ ದೇವತೆ. ವ್ಯಾರಿಕ್‌ನ ಯಾರಾದ್ರೂ ಕೇಳಿದ್ರಾ ಅಪ್ಪಾ?" ಎಂದಳು.

ಆಟದ ದೊಡ್ಡ ಕೊರತೆ ಅವಳಿಗೆ ನನಗಿಂತ ಸರಿಯಾಗಿ ಕಂಡಿತ್ತು. ನನಗೆ ಆ ಹುಡುಗ, ಅವನ ತಂಗಿಯ ಮದುವೆ ನೆನಪಾಯಿತು. ಅವನ ನಂಬರ್ ಈಗಲೂ ನನ್ನ ಫೋನಿನಲ್ಲಿದೆ.